ವಿಮಾನ ಜೀರ್ಣೋದ್ಧಾರ

ವಿಮಾನವೆಂಬ ಶಬ್ದಕ್ಕೆ ಪೂರ್ವದಿಂದಲೂ ಎರಡು ಅರ್ಥಗಳು ಸಲ್ಲುತ್ತ ಬಂದಿವೆ. ಪುಷ್ಪಕವೇ ಮೊದಲಾದ ಗಗನಯಾನವು ಒಂದು. ದೇವಾಲಯದ ಗರ್ಭಗೃಹದ ಮೇಲೆ ಎದ್ದು ನಿಲ್ಲುವ ಕಟ್ಟಡವು ಮತ್ತೊಂದು. ಗುಡಿಯೊಂದರ ಮುಂದೆ ನಿಂತ ಸ್ಥಪತಿಯು “ವಿಮಾನವು ಜೀರ್ಣವಾಗಿದೆ” ಎಂದು ನುಡಿದರೆ ಮದ್ದೂರು ಮಳವಳ್ಳಿಗಳ ಯಾವ ಗೃಹಸ್ಥನೂ ತಲೆಯೆತ್ತಿ ಆಕಾಶವನ್ನು ಹುಡುಕುವುದಿಲ್ಲ. ಗಾರೆ ಬಿಟ್ಟಿದೆ, ಇಟ್ಟಿಗೆ ಸಡಲಿದೆ, ಚಂದಾ ಎತ್ತುವ ಕಾಲ ಬಂದಿತು ಎಂದು ತಿಳಿದುಕೊಳ್ಳುತ್ತಾನೆ. ಆದರೆ ಹಾರುವ ವಿಮಾನಕ್ಕೂ ಜೀರ್ಣೋದ್ಧಾರವೆಂಬುದುಂಟು. ಆ ವಿದ್ಯೆಯ ಚರಿತ್ರೆಯಲ್ಲಿ ಬೆಂಗಳೂರಿಗೆ ದೊಡ್ಡದೊಂದು ಸ್ಥಾನವೂ, ಬೆಂಗಳೂರಿನ ಆ ಸ್ಥಾನದಲ್ಲಿ ಮಳವಳ್ಳಿ ಸೀಮೆಯ ಜಲಪಾತಗಳಿಗೆ ಒಂದು ಪಾಲೂ ಇವೆಯೆಂಬುದು ಅಷ್ಟಾಗಿ ಪ್ರಚಾರದಲ್ಲಿರುವ ವಿಷಯವಲ್ಲ.

೨೦೧೨ನೆಯ ಇಸವಿ ಅಕ್ಟೋಬರ್ ೮ರಂದು ದೆಹಲಿಯ ಸಮೀಪದ ಹಿಂಡನ್ ವಿಮಾನನಿಲ್ದಾಣದಲ್ಲಿ ಭಾರತೀಯ ವಾಯುಸೇನೆಯ ವಾರ್ಷಿಕೋತ್ಸವವು ನಡೆಯಿತು. ಶಬ್ದವೇಗವನ್ನು ಮೀರಿ ಹೋಗುವ ಯುದ್ಧವಿಮಾನಗಳ ನಡುವೆ, ಎರಡು ಜೊತೆ ರೆಕ್ಕೆಗಳ, ಮರ ಮತ್ತು ಬಟ್ಟೆಯಿಂದ ಮಾಡಿದ, ಹಳೆಯ ಕಾಲದ ಪುಟ್ಟ ವಿಮಾನವೊಂದು ನಿಧಾನವಾಗಿ ಹಾರಿಹೋಯಿತು. ಅದು ಟೈಗರ್ ಮಾತ್ ಎಂಬ ಜಾತಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವೈಮಾನಿಕರಿಗೆ ಮೊದಲ ಪಾಠವನ್ನು ಹೇಳಿಕೊಡಲು ಬಳಸಲ್ಪಡುತ್ತಿದ್ದ ವಿಮಾನವದು. ದೀರ್ಘಕಾಲ ಹಾರದೆ ನಿಂತಿದ್ದ ಅದನ್ನು ಇಂಗ್ಲೆಂಡಿಗೆ ಕಳುಹಿಸಿ, ಅಲ್ಲಿ ಸಂಪೂರ್ಣವಾಗಿ ಬಿಚ್ಚಿ, ಕೆಟ್ಟುದನ್ನು ತೆಗೆದು ಹೊಸದನ್ನು ಕೂಡಿಸಿ, ಮತ್ತೆ ಹಾರುವಂತೆ ಮಾಡಿ ತರಲಾಗಿತ್ತು. ಈ ದೇಶದಲ್ಲಿ ಒಂದು ಕಾಲಕ್ಕೆ ನೂರಾರು ಸಂಖ್ಯೆಯಲ್ಲಿ ಹಾರಾಡಿದ, ಇಲ್ಲಿಯ ಬಡಗಿಗಳೂ ಕಮ್ಮಾರರೂ ದರ್ಜಿಗಳೂ ದಿನನಿತ್ಯ ರಿಪೇರಿ ಮಾಡುತ್ತಿದ್ದ ವಿಮಾನವೊಂದನ್ನು ಸರಿಪಡಿಸಲು ಕಡಲು ದಾಟಬೇಕಾಗಿ ಬಂದುದು ಏಕೆ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಅದಕ್ಕೆ ಉತ್ತರವನ್ನು ಹುಡುಕುವ ಮೊದಲು ಆ ವಿಮಾನದ ಸ್ವರೂಪವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಎಂಬಾತನಿಗೆ ಪತಂಗಗಳಲ್ಲಿ ಬಹಳ ಆಸಕ್ತಿಯಿದ್ದಿತು. ಆದಕಾರಣ ತನ್ನ ಸಣ್ಣ ವಿಮಾನಗಳಲ್ಲಿ ಅನೇಕಕ್ಕೆ ಪತಂಗಗಳ ಹೆಸರನ್ನೇ ಇಟ್ಟನು. ಟೈಗರ್ ಮಾತ್ ಎಂದರೆ ಹುಲಿಪತಂಗ. ಅದು ಮೊದಲು ಹಾರಿದುದು ೧೯೩೧ರ ಅಕ್ಟೋಬರ್ ತಿಂಗಳಲ್ಲಿ. ಆಮೇಲೆ ಎಲ್ಲ ದೇಶಗಳಲ್ಲಿಯೂ ಸೇರಿ ಎಂಟು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದುವು. ಅದರ ರೆಕ್ಕೆಗಳ ಹರವು ಇಪ್ಪತ್ತೊಂಬತ್ತು ಅಡಿಗಳಿಗೆ ಸ್ವಲ್ಪ ಮೇಲೆ. ಇಂಜಿನು ೧೩೦ ಅಶ್ವಶಕ್ತಿಯದು. ಅದರ ನಾಲ್ಕು ಸಿಲಿಂಡರುಗಳು ತಲೆಕೆಳಗಾಗಿ ನೇತಾಡಿಕೊಂಡಿರುತ್ತವೆ. ಗರಿಷ್ಠ ವೇಗವು ಗಂಟೆಗೆ ನೂರೊಂಬತ್ತು ಮೈಲಿ. ಮೇಲಿನ ರೆಕ್ಕೆಯ ನಟ್ಟನಡುವೆ ಹತ್ತೊಂಬತ್ತು ಗ್ಯಾಲನ್ ಪೆಟ್ರೋಲು ಹಿಡಿಯುವ ತೊಟ್ಟಿಯಿದೆ. ಮನೆಯ ಮಾಳಿಗೆಯ ತೊಟ್ಟಿಯಿಂದ ನಲ್ಲಿಗೆ ನೀರು ಇಳಿಯುವಂತೆ ಅಲ್ಲಿಂದ ಪೆಟ್ರೋಲು ತಾನಾಗಿ ಇಂಜಿನಿಗೆ ಇಳಿಯುತ್ತದೆ. ಚಕ್ರಗಳಿಗೆ ತಡೆಯಿಲ್ಲ, ಬಾಲದ ಕೆಳಗೆ ಚಕ್ರದ ಬದಲು ನೆಲಕ್ಕೆ ಉಜ್ಜುವ ಒಂದು ಊರೆಯಿದೆ. ಇಂಜಿನನ್ನು ಹೊರಡಿಸಬೇಕಾದರೆ ಒಬ್ಬನು ಮುಂದೆ ನಿಂತು ಮರದ ಪ್ರೊಪೆಲರನ್ನು ಕೈಯಿಂದಲೇ ಬಲವಾಗಿ ತಿರುಗಿಸಬೇಕು.

ಗುರುವು ಮುಂದಿನ ಆಸನದಲ್ಲಿಯೂ ಶಿಷ್ಯನು ಹಿಂದಿನ ಆಸನದಲ್ಲಿಯೂ ಕುಳಿತುಕೊಳ್ಳುವುದು ಪದ್ಧತಿ. ಪಾಠಶಾಲೆಯ ಕ್ರಮಕ್ಕೆ ಇದು ವಿಪರೀತವೆಂದು ತೋರಬಹುದು. ಗುರುವಿಗೆ ಶಿಷ್ಯನ ಮುಖವೇ ಕಾಣಿಸುವುದಿಲ್ಲ. ಎರಡು ಆಸನಗಳ ನಡುವೆ ಒಂದು ಕೊಳವೆಯಿದ್ದು, ಅದರ ಮೂಲಕ ಗುರುವಿನ ಉಪದೇಶವೂ ಬೈಗುಳವೂ ಗಾಳಿಯ ಭೋರಿನ ನಡುವೆ ಶಿಷ್ಯನ ಕಿವಿಗೆ ಬೀಳುತ್ತಿದ್ದುವು. ಮುಂದೆ ಕುಳಿತವನು ಅಪಾಯಕಾಲದಲ್ಲಿ ಪ್ಯಾರಾಷೂಟು ಧರಿಸಿ ಹೊರಕ್ಕೆ ಹಾರಬೇಕಾದರೆ ನೆತ್ತಿಯ ಮೇಲಿನ ರೆಕ್ಕೆಯೂ ತೊಟ್ಟಿಯೂ ಅಡ್ಡವಾಗುವುವು. ಅದಕ್ಕಾಗಿ ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಹಾಗೆ ಸರಿಸಿದುದರಿಂದ ತೂಕವು ತಪ್ಪಲು, ರೆಕ್ಕೆಗಳ ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಈ ವಿಮಾನದ ಅಂದವಾದ ಬಾಗು ಅಂದಕ್ಕಾಗಿ ಹುಟ್ಟಿದುದಲ್ಲ. ಗುರುವಿನ ಪ್ರಾಣರಕ್ಷಣೆಗಾಗಿ ಹುಟ್ಟಿದುದು.

ಭಾರತೀಯ ವಾಯುಸೇನೆಯು ೧೯೩೨ರಲ್ಲಿ ಸ್ಥಾಪಿತವಾದರೂ ೧೯೩೯ರಲ್ಲಿ ಯುದ್ಧವು ಪ್ರಾರಂಭವಾದಾಗ ಅದರಲ್ಲಿ ಇದ್ದುದು ಒಂದೇ ದಳ. ಯುದ್ಧವು ಮುಗಿಯುವ ಹೊತ್ತಿಗೆ ದಳಗಳು ಒಂಬತ್ತಾಗಿದ್ದುವು. ಇಷ್ಟು ಜನ ವೈಮಾನಿಕರನ್ನು ತಯಾರುಮಾಡಲು ಹೈದರಾಬಾದಿನ ಬೇಗಂಪೇಟೆಯಲ್ಲಿಯೂ ಜೋಧಪುರದಲ್ಲಿಯೂ ಪ್ರಾಥಮಿಕ ಹಾರಾಟದ ಶಾಲೆಗಳನ್ನು ತೆರೆದರು. ಅಲ್ಲಿ ಅಕ್ಷರಾಭ್ಯಾಸವು ನಡೆದುದು ಈ ಹುಲಿಪತಂಗಗಳ ಮೇಲೆಯೇ.

ಇಂತಹ ವಿಮಾನವು ಐವತ್ತು ಅರುವತ್ತು ವರ್ಷ ನಿಂತರೆ ಏನಾಗುತ್ತದೆ? ಮೇಲಿನಿಂದ ನೋಡಿದರೆ ಏನೂ ಆಗಿರುವಂತೆ ಕಾಣುವುದಿಲ್ಲ. ಬಣ್ಣ ಬಳಿದರೆ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವುದಕ್ಕೆ ಅದು ತಕ್ಕದ್ದಾಗುತ್ತದೆ. ಅನೇಕ ಕಡೆಗಳಲ್ಲಿ ಅಷ್ಟನ್ನೇ ಮಾಡಿ ಜೀರ್ಣೋದ್ಧಾರವೆಂದು ಕರೆಯುವುದೂ ಉಂಟು. ನಿಜವಾದ ಕೆಲಸವು ಬಟ್ಟೆಯನ್ನು ಹರಿದು ತೆಗೆದಮೇಲೆಯೇ ಪ್ರಾರಂಭವಾಗುವುದು. ಟೈಗರ್ ಮಾತಿನ ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು. ರೆಕ್ಕೆಗಳು ಸ್ಪ್ರೂಸ್ ಎಂಬ ಶೀತದೇಶದ ಹಗುರವಾದ ಮರದವು. ಕೊಳವೆಯ ಹೊರಮೈಯಲ್ಲಿ ತುಕ್ಕಿದ್ದರೆ ಉಜ್ಜಿ ತೆಗೆಯಬಹುದು. ಒಳಮೈಯಲ್ಲಿ ತುಕ್ಕು ಹಿಡಿದಿದ್ದರೆ ಕಣ್ಣಿಗೆ ಕಾಣದು. ಅಂತಹ ಭಾಗವನ್ನು ಕತ್ತರಿಸಿ ಹೊಸ ಕೊಳವೆಯನ್ನು ಬೆಸೆಯಬೇಕು. ರೆಕ್ಕೆಯ ಉದ್ದಕ್ಕೂ ಹೋಗುವ ಎರಡು ತೊಲೆಗಳೇ ಅದರ ಪ್ರಾಣ. ಅವುಗಳಲ್ಲಿ ನೂಲಿನಷ್ಟು ಬಿರುಕಿದ್ದರೂ ಆ ತೊಲೆಯು ಹಾರಾಟಕ್ಕೆ ಅನರ್ಹ. ತೊಲೆಗಳಿಗೆ ಅಡ್ಡಲಾಗಿ ಪಕ್ಕೆಲುಬುಗಳಂತೆ ತೆಳುವಾದ ಮರದ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಆ ಕಾಲದ ಮರದ ವಿಮಾನಗಳಲ್ಲಿ ಅನೇಕಕ್ಕೆ ಬಳಸಿದುದು ಹಾಲಿನಿಂದ ತೆಗೆದ ಕೇಸೀನೆಂಬ ವಸ್ತುವಿನ ಅಂಟು. ಒಣಹವೆಯಲ್ಲಿ ಅದು ಕಲ್ಲಿನಂತೆ ಹಿಡಿಯುತ್ತದೆ. ಮಳೆಗಾಲದ ತೇವದಲ್ಲಿ ಬೂಸಲು ಬಂದು ಬಲವನ್ನು ಕಳೆದುಕೊಳ್ಳುತ್ತದೆ. ಹಾಲು ಕೆಡುವ ಧರ್ಮವು ಅಂಟಾದ ಮೇಲೆಯೂ ಅದನ್ನು ಬಿಡಲಿಲ್ಲವೆನ್ನಬೇಕು.

ಮರಗೆಲಸವು ಮುಗಿದ ಮೇಲೆ ಬಟ್ಟೆಯ ಕೆಲಸ. ರೆಕ್ಕೆಗೆ ದಿಂಬಿನ ಗವಸಿನಂತೆ ಬಟ್ಟೆಯನ್ನು ತೊಡಿಸಿ, ಒಂದೊಂದು ಪಕ್ಕೆಲುಬಿಗೂ ಮೇಣ ಹಚ್ಚಿದ ದಾರದಿಂದ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹೊಲಿದು, ಒಂದೊಂದು ಹೊಲಿಗೆಗೂ ಗಂಟು ಹಾಕಬೇಕು. ಒಂದು ಗಂಟು ಬಿಚ್ಚಿಕೊಂಡರೂ ಮುಂದಿನದು ಹಿಡಿದಿರಬೇಕೆಂಬುದು ಇದರ ಉದ್ದೇಶ. ಬಳಿಕ ಡೋಪೆಂಬ ದ್ರವವನ್ನು ಹಲವು ಸಲ ಬಳಿಯುತ್ತಾರೆ. ಅದು ಆರಿದಂತೆಲ್ಲ ಬಟ್ಟೆಯು ಬಿಗಿಯುತ್ತ ಬಂದು, ಕೊನೆಗೆ ಬೆರಳಿನಿಂದ ತಟ್ಟಿದರೆ ಮೃದಂಗದ ಚರ್ಮದಂತೆ ನಾದಗೊಡುತ್ತದೆ. ಅನಂತರ ರೆಕ್ಕೆಗಳನ್ನು ಒಡಲಿಗೆ ಕೂಡಿಸಿ, ಅವುಗಳ ನಡುವೆ ಎಳೆದು ಕಟ್ಟಿದ ಉಕ್ಕಿನ ತಂತಿಗಳನ್ನು ವೀಣೆಗೆ ಶ್ರುತಿ ಮಾಡುವಂತೆ ಬಿಗಿಸಿ ಸಡಲಿಸಿ, ನಾಲ್ಕು ರೆಕ್ಕೆಗಳ ಕೋನಗಳೂ ನಿಯಮಿತ ಲೆಕ್ಕಕ್ಕೆ ಬರುವಂತೆ ಅಳೆದು ನಿಲ್ಲಿಸುವುದು ತಿಂಗಳುಗಟ್ಟಲೆಯ ಸಹನೆಯ ಕೆಲಸ. ಇದರಲ್ಲಿ ಅರ್ಧದಷ್ಟು ಪುಸ್ತಕದಲ್ಲಿ ಬರೆದಿರುತ್ತದೆ. ಉಳಿದರ್ಧವು ಕೈಯಿಂದ ಕೈಗೆ ಬರತಕ್ಕದ್ದು.

ಇಲ್ಲಿ ತರ್ಕಶಾಸ್ತ್ರವನ್ನೋದಿದವರಿಗೆ ಒಂದು ಶಂಕೆಯು ಬಾರದಿರದು. ತೊಲೆಯು ಹೊಸದು, ಬಟ್ಟೆಯು ಹೊಸದು, ಕೊಳವೆಗಳಲ್ಲಿ ಕೆಲವು ಹೊಸವು. ಹೀಗಿರಲು ಇದು ಯುದ್ಧಕಾಲದಲ್ಲಿ ಹಾರಿದ ಅದೇ ವಿಮಾನವೆಂದು ಹೇಳುವುದೆಂತು? ನೂರು ನೂಲುಗಳ ಬಟ್ಟೆಯಿಂದ ಒಂದೆಳೆಯನ್ನು ಕಿತ್ತರೆ ಹಿಂದಣ ಬಟ್ಟೆಯು ನಾಶವಾಗಿ, ಉಳಿದ ಎಳೆಗಳಿಂದ ಖಂಡಪಟವೆಂಬ ಬೇರೊಂದು ಅವಯವಿಯು ಹುಟ್ಟುವುದೆಂದು ವೈಶೇಷಿಕರು ಸಾಧಿಸುತ್ತಾರೆ. ಅವರ ಮತದಲ್ಲಿ, ತೇಪೆ ಹಾಕಿದ ಪಂಚೆಯು ಹೊಸ ಪಂಚೆಯೇ ಆಗಬೇಕು. ಮನೆಯಾಕೆಯು ಮಾತ್ರ ಒಪ್ಪುವುದಿಲ್ಲ. “ಅದೇ ಇದು” ಎಂಬ ಪ್ರತ್ಯಭಿಜ್ಞೆಯು ಉರಿಯುತ್ತಿರುವ ದೀಪವನ್ನು ನೋಡಿದಾಗಲೂ ಹುಟ್ಟುತ್ತದೆ. ಜ್ವಾಲೆಯು ಕ್ಷಣಕ್ಷಣಕ್ಕೂ ಬೇರೆಯಾಗುತ್ತಿದ್ದರೂ ಸಾದೃಶ್ಯದಿಂದ ಅದೇ ದೀಪವೆನ್ನುತ್ತೇವೆಯೆಂದು ಅವರ ಸಮಾಧಾನ.

ಆಗಮಶಾಸ್ತ್ರವು ಈ ಗಂಟನ್ನು ಬೇರೆ ವಿಧದಿಂದ ಬಿಡಿಸಿದೆ. ಗುಡಿಯ ಜೀರ್ಣೋದ್ಧಾರಕ್ಕೆ ಮೊದಲು ಬಿಂಬದ ಕಲೆಯನ್ನು ಕುಂಭದಲ್ಲಿ ಆಕರ್ಷಿಸಿ, ಬಾಲಾಲಯದಲ್ಲಿ ಇಟ್ಟು ಪೂಜಿಸಿ, ಕಟ್ಟಡವು ಸಿದ್ಧವಾದ ಮೇಲೆ ಪುನಃ ಪ್ರತಿಷ್ಠಿಸುವುದು ವಿಧಿ. ಕಲ್ಲು ಬದಲಾದರೂ ಸಾನ್ನಿಧ್ಯವು ಮುರಿಯದಂತೆ ನೋಡಿಕೊಳ್ಳುವ ಉಪಾಯವಿದು. ವಿಮಾನದ ಕೆಲಸದವರಲ್ಲಿಯೂ ಇದಕ್ಕೆ ಸಮಾನವಾದುದೊಂದು ಇದೆಯೆಂಬುದು ವಿನೋದ. ಪ್ರತಿ ವಿಮಾನದ ಮೈಯಲ್ಲಿಯೂ ತಯಾರಿಕೆಯ ಸಂಖ್ಯೆಯನ್ನು ಕೆತ್ತಿದ ಸಣ್ಣದೊಂದು ಲೋಹದ ತಗಡು ಇರುತ್ತದೆ. ಅದರೊಡನೆ, ಹಾರಿದ ಗಂಟೆಗಳನ್ನೂ ಮಾಡಿದ ರಿಪೇರಿಗಳನ್ನೂ ದಿನದಿನಕ್ಕೆ ಬರೆದಿಟ್ಟ ದಫ್ತರವಿರುತ್ತದೆ. ಎಷ್ಟೇ ಅಂಗಗಳು ಬದಲಾದರೂ ಈ ತಗಡೂ ದಫ್ತರವೂ ಒಡೆಯದೆ ಮುಂದುವರಿದುವೆಂದರೆ ಅದು ಅದೇ ವಿಮಾನ.

ಇದೇ ಜಿಲ್ಲೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಉದಾಹರಣೆಯಿದೆ. ಕೃಷ್ಣರಾಜಸಾಗರದ ಕಟ್ಟೆಯು ಏಳಲು ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ದೇವಾಲಯವು ನೀರಿನಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ಇಳಿದಾಗ ತಲೆದೋರುತ್ತ, ಮಳೆಯಲ್ಲಿ ಮುಳುಗುತ್ತ ಅದು ದಶಕಗಳನ್ನು ಕಳೆಯಿತು. ಈಚೆಗೆ ಅದರ ಒಂದೊಂದು ಕಲ್ಲಿಗೂ ಗುರುತು ಹಾಕಿ, ಬಿಚ್ಚಿ ತಂದು, ಹೊಸ ಕನ್ನಂಬಾಡಿಯಲ್ಲಿ ಜಲಾಶಯದ ದಡದ ಮೇಲೆ ಮೊದಲಿನಂತೆ ಜೋಡಿಸಿ ನಿಲ್ಲಿಸಿದ್ದಾರೆ. ಅಲ್ಲಿಗೆ ಹೋದ ಯಾತ್ರಿಕರಾರೂ ಇದು ಹೊಯ್ಸಳರ ಕಾಲದ ಗುಡಿಯಲ್ಲವೆಂದು ವಾದಿಸಿದುದಿಲ್ಲ.

ಈಗ ಬೆಂಗಳೂರಿನ ಕಡೆಗೆ ತಿರುಗಬೇಕು. ಆದರೆ ಬೆಂಗಳೂರಿನ ಮಾತಿಗೆ ಪೀಠಿಕೆಯು ಮಳವಳ್ಳಿ ತಾಲ್ಲೂಕಿನಲ್ಲಿಯೇ ಇದೆ. ಶಿವನಸಮುದ್ರದ ಬಳಿ ಕಾವೇರಿಯು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಬಲವನ್ನು ಹಿಡಿದು, ದಿವಾನ್ ಶೇಷಾದ್ರಿ ಅಯ್ಯರವರ ಪ್ರಯತ್ನದಿಂದ ಕಟ್ಟಿದ ವಿದ್ಯುದಾಗಾರವು ೧೯೦೨ರಲ್ಲಿ ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಕಳುಹಿಸಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ೧೯೪೦ರಲ್ಲಿ ಅದೇ ತಾಲ್ಲೂಕಿನ ಶಿಂಷಾ ಜಲಪಾತದ ಬಳಿ ಎರಡನೆಯ ಆಗಾರವು ಕೆಲಸಮಾಡತೊಡಗಿತು. ಮದ್ದೂರಿನ ಪಕ್ಕದಲ್ಲಿ ಸದ್ದಿಲ್ಲದೆ ಹರಿಯುವ ಶಿಂಷೆಯು ಅಲ್ಲಿ ಹೋಗಿ ಧುಮುಕುವುದೆಂದು ಹೇಳಿದರೆ ಹೊರಗಿನವರು ನಂಬಲಾರರು. ಜೋಗದ ವಿದ್ಯುತ್ತು ಬಂದುದು ೧೯೪೮ರಲ್ಲಿ. ಆದ್ದರಿಂದ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಕಾರ್ಖಾನೆಗಳ ಯಂತ್ರಗಳನ್ನು ತಿರುಗಿಸಿದುದು ಮಳವಳ್ಳಿ ಸೀಮೆಯ ನೀರೇ.

೧೯೩೯ರ ಜುಲೈ ಮೊದಲನೆಯ ದಿನ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಅದೇ ವರ್ಷ, ಮುಂಬಯಿಯ ಉದ್ಯಮಿಗಳಾದ ವಾಲಚಂದ್ ಹೀರಾಚಂದರು ಅಮೆರಿಕದಿಂದ ಪೆಸಿಫಿಕ್ ಸಾಗರವನ್ನು ವಿಮಾನದಲ್ಲಿ ದಾಟುತ್ತಿದ್ದಾಗ, ಚೀನಾದಲ್ಲಿ ವಿಮಾನದ ಕಾರ್ಖಾನೆಯನ್ನು ನಡೆಸುತ್ತಿದ್ದ ಪಾಲೀ ಎಂಬ ಅಮೆರಿಕನ್ನನೊಡನೆ ಪರಿಚಯವಾಯಿತು. ಇಂತಹ ಕಾರ್ಖಾನೆಯು ಭಾರತದಲ್ಲಿ ಏಕಿರಬಾರದೆಂಬ ಯೋಚನೆಯು ಆ ಪ್ರಯಾಣದಲ್ಲಿ ಮೊಳೆಯಿತು. ಇತರ ಸಂಸ್ಥಾನಗಳೊಡನೆ ಮಾತುಕತೆಗಳು ನಡೆದರೂ ಕಾರ್ಯವು ಕೈಗೂಡಿದುದು ಮೈಸೂರಿನಲ್ಲಿ. ದಿವಾನ್ ಮಿರ್ಜಾ ಇಸ್ಮಾಯಿಲರವರ ಸರ್ಕಾರವು ಬೆಂಗಳೂರಿನ ಪೂರ್ವಕ್ಕೆ ಏಳುನೂರು ಎಕರೆ ಭೂಮಿಯನ್ನು ಉಚಿತವಾಗಿ ಕೊಟ್ಟು, ಇಪ್ಪತ್ತೈದು ಲಕ್ಷ ರೂಪಾಯಿಗಳನ್ನು ಬಂಡವಾಳಕ್ಕೆ ಹಾಕಿತು. ಅಗ್ಗದ ವಿದ್ಯುತ್ತು, ಸಮಶೀತೋಷ್ಣವಾದ ಹವೆ, ಟಾಟಾರವರ ವಿಜ್ಞಾನಮಂದಿರದ ನೆರೆ, ಇವು ಮೂರೂ ಆ ಸ್ಥಳದ ಅನುಕೂಲಗಳಾಗಿದ್ದುವು. ೧೯೪೦ನೆಯ ಡಿಸೆಂಬರ್ ೨೩ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ರಿಜಿಸ್ಟರಾಯಿತು. ಎಂಟು ತಿಂಗಳೊಳಗಾಗಿ, ೧೯೪೧ರ ಆಗಸ್ಟಿನಲ್ಲಿ, ಅಲ್ಲಿ ಜೋಡಿಸಿದ ಮೊದಲನೆಯ ವಿಮಾನವು ಹಾರಿತು. ಅದು ಅಮೆರಿಕದ ಹಾರ್ಲೋ ಎಂಬ ಹೆಸರಿನದು. ಬಾಂಬು ಹಾಕುವುದಲ್ಲ, ಯುದ್ಧ ಮಾಡುವುದಲ್ಲ, ಹಾರಾಟವನ್ನು ಕಲಿಸುವ ವಿಮಾನವೇ. ಕನ್ನಡನಾಡಿನ ವಿಮಾನೋದ್ಯಮವು ಹೀಗೆ ಯುದ್ಧಕಾಲದ ಒಂದು ಶಿಕ್ಷಣವಿಮಾನದಿಂದ ಪ್ರಾರಂಭವಾಯಿತೆಂಬುದನ್ನು ಗಮನಿಸಬೇಕು.

ಅನಂತರ ಜಪಾನೀಯರು ಬರ್ಮಾದವರೆಗೆ ಬಂದರು. ಭಾರತ ಸರ್ಕಾರವು ೧೯೪೨ರಲ್ಲಿ ವಾಲಚಂದರ ಪಾಲನ್ನು ಕೊಂಡುಕೊಂಡಿತು. ೧೯೪೩ರಲ್ಲಿ ಕಾರ್ಖಾನೆಯ ಆಡಳಿತವು ಅಮೆರಿಕದ ಸೈನ್ಯದ ಕೈಗೆ ಹೋಯಿತು. ಹೊಸ ವಿಮಾನಗಳನ್ನು ಕಟ್ಟುವ ಹಂಬಲವನ್ನು ಬದಿಗಿರಿಸಿ, ಪೂರ್ವದ ರಣರಂಗದಿಂದ ಗಾಯಗೊಂಡು ಬಂದ ವಿಮಾನಗಳನ್ನು ಸರಿಪಡಿಸುವುದೇ ಅಲ್ಲಿಯ ಕೆಲಸವಾಯಿತು. ಕ್ಯಾಟಲೈನಾ ಎಂಬ ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನಗಳು ಬೆಳ್ಳಂದೂರಿನ ಕೆರೆಯಲ್ಲಿ ಇಳಿದು, ಅಲ್ಲಿಂದ ಕಾರ್ಖಾನೆಗೆ ಎಳೆಯಲ್ಪಡುತ್ತಿದ್ದುವು. ಆ ಕೆರೆಯ ಈಗಿನ ಸ್ಥಿತಿಯನ್ನು ಬಲ್ಲವರಿಗೆ ಇದು ಪುರಾಣದ ಕಥೆಯಂತೆ ತೋರಿದರೆ ಆಶ್ಚರ್ಯವಿಲ್ಲ. ವಿಮಾನವನ್ನು ಕಟ್ಟಬೇಕೆಂದು ಸೇರಿದ ಸಾವಿರಾರು ಕೆಲಸಗಾರರು ಕಲಿತುದು ಕಟ್ಟುವುದನ್ನಲ್ಲ, ಬಿಚ್ಚುವುದನ್ನು. ಇದು ಆಗ ನಿರಾಶೆಯೆಂದು ಕಂಡಿರಬಹುದು. ಆದರೆ ಯಾವ ವಸ್ತುವೂ ಎಲ್ಲಿ ಮೊದಲು ಸವೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದು ಕಟ್ಟಿದವನಿಗಿಂತ ರಿಪೇರಿ ಮಾಡಿದವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಮುಂದೆ ನಡೆದ ಎಲ್ಲಕ್ಕೂ ಇದೇ ತಳಹದಿಯಾಯಿತು.

ಯುದ್ಧವು ನಿಂತಿತು, ಕೆಲಸವೂ ನಿಂತಿತು. ಕಾರ್ಖಾನೆಯು ಹೊಟ್ಟೆಪಾಡಿಗಾಗಿ ರೈಲು ಡಬ್ಬಿಗಳನ್ನೂ ಬಸ್ಸಿನ ಒಡಲುಗಳನ್ನೂ ಕಟ್ಟಿಕೊಡುತ್ತಿತ್ತು. ಯುದ್ಧದಲ್ಲಿ ಮಿಕ್ಕಿದ ಡಕೋಟಾಗಳನ್ನು ಪ್ರಯಾಣಿಕರಿಗಾಗಿ ಮಾರ್ಪಡಿಸುವ ಕೆಲಸ, ಟೈಗರ್ ಮಾತುಗಳನ್ನು ಬಿಚ್ಚಿ ಸರಿಪಡಿಸುವ ಕೆಲಸ ಇವೂ ಬಂದುವು. ಇಂತಹ ಸ್ಥಿತಿಯಲ್ಲಿ ಸ್ವಾತಂತ್ರ್ಯವೂ ಅದರ ಹಿಂದೆಯೇ ಕಾಶ್ಮೀರದ ಯುದ್ಧವೂ ಬಂದುವು. ಹೊಸ ರಾಷ್ಟ್ರದ ವಾಯುಸೇನೆಯಲ್ಲಿ ಬಾಂಬು ಹಾಕುವ ಭಾರಿ ವಿಮಾನವು ಒಂದೂ ಇರಲಿಲ್ಲ. ಕೊಳ್ಳುವುದಕ್ಕೆ ಹಣವೂ ಇರಲಿಲ್ಲ.

ಆದರೆ ಕಾನಪುರದ ಚಕೇರಿ ಎಂಬಲ್ಲಿ ಬಯಲಿನಲ್ಲಿ ಒಂದು ವಿಮಾನಗಳ ಶ್ಮಶಾನವಿದ್ದಿತು. ಲಿಬರೇಟರ್ ಎಂಬ ನಾಲ್ಕು ಇಂಜಿನುಗಳ ಅಮೆರಿಕದ ವಿಮಾನಗಳವು. ಒಂದೊಂದರ ರೆಕ್ಕೆಯ ಹರವೂ ನೂರಹತ್ತು ಅಡಿ. ಇವು ಅಮೆರಿಕವು ಬ್ರಿಟನ್ನಿಗೆ ಲೆಂಡ್-ಲೀಸ್ ಒಪ್ಪಂದದಂತೆ ಕೊಟ್ಟವು. ಯುದ್ಧವು ಮುಗಿದ ಮೇಲೆ ಹಿಂದಕ್ಕೆ ಕೊಡಬೇಕು, ಇಲ್ಲವೆ ಯಾರಿಗೂ ಉಪಯೋಗವಾಗದಂತೆ ಮಾಡಬೇಕು. ಹೋಗುವವರು ಎರಡನೆಯದನ್ನೇ ಮಾಡಿದರು. ಒಡಲುಗಳನ್ನು ಗುದ್ದಿ ನೆಗ್ಗಿಸಿದರು, ಯಂತ್ರಭಾಗಗಳನ್ನು ಒಡೆದರು, ಇಂಜಿನುಗಳನ್ನು ಕೆಡಿಸಿದರು. ವಸ್ತುವು ತನ್ನಷ್ಟಕ್ಕೆ ತಾನು ಮುಪ್ಪಾಗಿ ಜೀರ್ಣವಾಗುವುದು ಬೇರೆ. ಬುದ್ಧಿಪೂರ್ವಕವಾಗಿ ಅಂಗಭಂಗವಾಗುವುದು ಬೇರೆ. ಭಗ್ನಬಿಂಬಕ್ಕೆ ಶಾಸ್ತ್ರಕಾರರು ಹೇಳುವ ಗತಿಯು ಜಲವಿಸರ್ಜನೆಯೇ ಹೊರತು ಪುನಃಪ್ರತಿಷ್ಠೆಯಲ್ಲ.

ಬೆಂಗಳೂರಿನವರು ಆ ಶಾಸ್ತ್ರವನ್ನು ಒಪ್ಪಲಿಲ್ಲ. ೧೯೪೮ರಲ್ಲಿ ಕಾರ್ಖಾನೆಯ ಕೆಲಸಗಾರರ ಒಂದು ತಂಡವು ಕಾನಪುರಕ್ಕೆ ಹೋಗಿ, ಆ ರಾಶಿಯೊಳಗೆ ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಇಂಜಿನು ಎಂದು ಆಯ್ದು ಕೂಡಿಸುತ್ತ, ಒಂದೊಂದು ವಿಮಾನವನ್ನೂ ಬೆಂಗಳೂರಿನವರೆಗೆ ಮಾತ್ರ ಹಾರಬಲ್ಲಷ್ಟು ಸರಿಪಡಿಸಿತು. ಕಾರ್ಖಾನೆಯ ಪರೀಕ್ಷಾವೈಮಾನಿಕರಾದ ಜಮ್ಶೆಡ್ ಮುನ್ಷಿಯವರು ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಮುರಿದು ಬಿದ್ದಿದ್ದ ನಾಲ್ಕು ಇಂಜಿನುಗಳ ವಿಮಾನವನ್ನು ತಾತ್ಕಾಲಿಕವಾಗಿ ಕಟ್ಟಿ, ಸಾವಿರ ಮೈಲಿಯಷ್ಟು ದೂರ ಹಾರಿಸಿಕೊಂಡು ಬರುವುದು ಎಂತಹ ಸಾಹಸವೆಂಬುದನ್ನು ವಿವರಿಸಬೇಕಾಗಿಲ್ಲ. ಈ ಕಾರ್ಯಕ್ಕೆ ಅವರಿಗೆ ಒದಗಿದ ಒಂದು ಅನುಕೂಲವನ್ನು ಮಾತ್ರ ಹೇಳಬೇಕು. ಲಿಬರೇಟರಿನಲ್ಲಿದ್ದುದು ಪ್ರಾಟ್ ಅಂಡ್ ವಿಟ್ನಿಯವರ ಟ್ವಿನ್ ವಾಸ್ಪ್ ಎಂಬ ಹದಿನಾಲ್ಕು ಸಿಲಿಂಡರುಗಳ ಇಂಜಿನು. ಡಕೋಟಾದಲ್ಲಿಯೂ, ಬೆಳ್ಳಂದೂರಿನ ಕೆರೆಗೆ ಇಳಿಯುತ್ತಿದ್ದ ಕ್ಯಾಟಲೈನಾದಲ್ಲಿಯೂ ಇದ್ದುದು ಅದೇ ಕುಲದ ಇಂಜಿನು. ಯುದ್ಧದ ವರ್ಷಗಳಲ್ಲಿ ಬಿಚ್ಚಿ ಬಿಚ್ಚಿ ಕಲಿತ ವಿದ್ಯೆಯು ಇಲ್ಲಿ ಸಾರ್ಥಕವಾಯಿತು.

ಆ ವರ್ಷದ ನವೆಂಬರಿನಲ್ಲಿಯೇ ವಾಯುಸೇನೆಯ ಐದನೆಯ ದಳವು ಬೆಂಗಳೂರಿನಲ್ಲಿ ಪುನರ್ಜನ್ಮ ಪಡೆದ ಲಿಬರೇಟರುಗಳಿಂದ ರಚಿತವಾಯಿತು. ಒಟ್ಟಿನಲ್ಲಿ ನಾಲ್ವತ್ತಕ್ಕೆ ಮೀರಿದ ವಿಮಾನಗಳನ್ನು ಉದ್ಧರಿಸಿದರು. ಅವು ೧೯೬೮ರ ಕೊನೆಯವರೆಗೆ, ಕೊನೆಯ ವರ್ಷಗಳಲ್ಲಿ ಸಮುದ್ರವನ್ನು ಕಾಯುತ್ತ, ಸೇವೆಯಲ್ಲಿದ್ದುವು. ಆಗ ಒಂದು ವಿಚಿತ್ರವು ನಡೆಯಿತು. ಹದಿನೆಂಟು ಸಾವಿರಕ್ಕೂ ಹೆಚ್ಚಾಗಿ ಲಿಬರೇಟರುಗಳನ್ನು ಕಟ್ಟಿದ್ದ ಅಮೆರಿಕದಲ್ಲಿಯೇ ಅವು ಕಾಣದಂತಾಗಿ, ಲೋಕದ ವಸ್ತುಸಂಗ್ರಹಾಲಯಗಳು ಭಾರತದ ಕಡೆಗೆ ಕೈಯೊಡ್ಡಿದುವು. ೧೯೬೮ರಲ್ಲಿ ಕೆನಡಾಕ್ಕೂ, ೧೯೬೯ರಲ್ಲಿ ಅಮೆರಿಕದ ಅರಿಜೋನಾಕ್ಕೂ, ೧೯೭೪ರಲ್ಲಿ ಬ್ರಿಟನ್ನಿಗೂ ಒಂದೊಂದು ಲಿಬರೇಟರು ತನ್ನ ರೆಕ್ಕೆಯ ಮೇಲೆಯೇ ಹಾರಿಹೋಗಿ ಸೇರಿತು. ದೆಹಲಿಯ 'ಪಾಲಂ'ನಲ್ಲಿರುವ ವಾಯುಸೇನೆಯ ಸಂಗ್ರಹಾಲಯದಲ್ಲಿ ಒಂದು ಉಳಿಯಿತು. ಇನ್ನೊಂದನ್ನು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದವರು ಕೊಂಡು, ಬಿಚ್ಚಿ ಕಟ್ಟಿ, ೧೯೮೯ರಲ್ಲಿ ಹಾರಿಸಿದರು. ಒಡೆದವರ ಮೊಮ್ಮಕ್ಕಳು ಟಿಕೇಟು ಕೊಂಡು ನೋಡುವುದು ಬೆಂಗಳೂರಿನಲ್ಲಿ ಕೂಡಿಸಿದ ವಿಮಾನವನ್ನು!

ರಿಪೇರಿಯಿಂದ ಬಂದ ಧೈರ್ಯದ ಫಲವಾಗಿ ಕಾರ್ಖಾನೆಯು ಸ್ವಂತ ವಿಮಾನಕ್ಕೆ ಕೈಹಾಕಿತು. ಜರ್ಮನಿಯ ಗಟಿಂಗೆನ್ನಿನಲ್ಲಿ ಪ್ರಾಂಟ್ಲ್ ಎಂಬ ಮಹಾವಿದ್ವಾಂಸರ ಶಿಷ್ಯರಾಗಿದ್ದ ಡಾಕ್ಟರ್ ವಿ. ಎಂ. ಘಾಟಗೆಯವರು ಇದರ ಸೂತ್ರಧಾರರು. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ೧೯೪೨ರಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆದಾಗ ಅದನ್ನು ಮೊದಲು ನಡೆಸಿದವರೂ ಅವರೇ. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-೨ ಎಂಬ ವಿಮಾನವನ್ನು ೧೯೫೧ರ ಆಗಸ್ಟಿನಲ್ಲಿ ಮುನ್ಷಿಯವರು ಮೊದಲ ಸಲ ಹಾರಿಸಿದರು. ಟೈಗರ್ ಮಾತಿನ ಕೆಲಸಕ್ಕಾಗಿ, ಅದರ ಬದಲಿಗೆ ಬಂದ ಶಿಕ್ಷಣವಿಮಾನವದು. ಮರವಿಲ್ಲ, ಬಟ್ಟೆಯ ರೆಕ್ಕೆಯಿಲ್ಲ. ಒಂದೇ ಜೊತೆ ಲೋಹದ ರೆಕ್ಕೆ, ಆಸನಗಳ ಮೇಲೆ ಗಾಜಿನ ಮುಚ್ಚಿಗೆ. ನೂರೈವತ್ತಕ್ಕೂ ಹೆಚ್ಚು ವಿಮಾನಗಳು ತಯಾರಾಗಿ, ಹಲವು ತಲೆಮಾರುಗಳ ವೈಮಾನಿಕರಿಗೆ ಅಕ್ಷರ ಹೇಳಿದುವು. ಆಫ್ರಿಕದ ಘಾನಾ ದೇಶದ ವಾಯುಸೇನೆಗೂ ಹೋದುವು. ೧೯೬೪ರಲ್ಲಿ ಕಂಪೆನಿಯು ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಈಗಿನ ಹೆಸರನ್ನು ತಾಳಿತು. ೨೦೦೧ರಲ್ಲಿ ಅದು ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ಬಳಿ ತನ್ನ ಪರಂಪರೆಯ ಸಂಗ್ರಹಾಲಯವನ್ನು ತೆರೆದು, ಎಚ್‌ಟಿ-೨ನ್ನೂ ಇತರ ವಿಮಾನಗಳನ್ನೂ ಅಲ್ಲಿ ನಿಲ್ಲಿಸಿತು. ಮಂಡ್ಯ ಮದ್ದೂರುಗಳಿಂದ ಬೆಳಗ್ಗೆ ರೈಲು ಹತ್ತಿದವರು ಅದನ್ನು ನೋಡಿಕೊಂಡು ಸಂಜೆಗೆ ಮನೆ ಸೇರಬಹುದು; ಮಕ್ಕಳನ್ನು ಕರೆದುಕೊಂಡು ಹೋಗುವುದು ಉತ್ತಮ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಕೆಲಸದಲ್ಲಿರುವಾಗ ಟೈಗರ್ ಮಾತನ್ನು ಬಿಚ್ಚಿ ಕಟ್ಟುವುದು ಬೆಂಗಳೂರಿನಲ್ಲಿ ದಿನಚರಿಯಾಗಿತ್ತು. ಅದರ ಸ್ಥಾನಕ್ಕೆ ಲೋಹದ ವಿಮಾನವು ಬಂದಮೇಲೆ, ಸ್ಪ್ರೂಸ್ ಮರವನ್ನು ತಟ್ಟಿ ನೋಡಿ ಬೆಲೆಕಟ್ಟುವ ಬಡಗಿಗೂ, ಮೇಣದ ದಾರದಿಂದ ರೆಕ್ಕೆ ಹೊಲಿಯುವ ದರ್ಜಿಗೂ ಕೆಲಸವಿಲ್ಲವಾಯಿತು. ಅವರು ನಿವೃತ್ತರಾದರು, ಅವರ ಬಳಿ ಕಲಿಯುವವರಿಗೆ ಕಾರಣವಿರಲಿಲ್ಲ. ಇದಕ್ಕೆ ಯಾರನ್ನೂ ದೂರಲಾಗದು. ಕಾರ್ಖಾನೆಯು ಮುಂದಣ ವಿಮಾನವನ್ನು ನೋಡಬೇಕೇ ಹೊರತು ಹಿಂದಣದನ್ನಲ್ಲ. ಇಂಗ್ಲೆಂಡಿನಲ್ಲಾದರೋ, ಹಳೆಯ ವಿಮಾನಗಳನ್ನು ಹಾರಿಸುವ ಹವ್ಯಾಸಿಗಳು ನೂರಾರು ಜನ ಇದ್ದುದರಿಂದ ಆ ಕೈಗಾರಿಕೆಯು ಎಡೆಬಿಡದೆ ನಡೆದುಬಂದಿತ್ತು. ಹೀಗೆ ವಸ್ತುವು ಇಲ್ಲಿ ಉಳಿಯಿತು, ವಿದ್ಯೆಯು ಅಲ್ಲಿ ಉಳಿಯಿತು. ಸಂಗ್ರಹಾಲಯಗಳನ್ನು ಕಟ್ಟುವವರು ಗಾಜಿನ ಪೆಟ್ಟಿಗೆಗೆ ಮಾಡುವ ವೆಚ್ಚದಲ್ಲಿ ಒಂದಂಶವನ್ನು ಉಪಕರಣವನ್ನು ಹಿಡಿಯಬಲ್ಲ ಇಬ್ಬರು ಹುಡುಗರಿಗೆ ಸಂಬಳವಾಗಿ ಕೊಟ್ಟಿದ್ದರೆ ಈ ಸ್ಥಿತಿಯು ಬರುತ್ತಿರಲಿಲ್ಲವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

೨೦೧೮ರಲ್ಲಿ ಇದರ ಇನ್ನೊಂದು ಆವೃತ್ತಿಯು ನಡೆಯಿತು. ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರರು, ತಮ್ಮ ತಂದೆಯವರು ವಾಯುಸೇನೆಯಲ್ಲಿ ಡಕೋಟಾ ಹಾರಿಸಿದವರೆಂಬ ಅಭಿಮಾನದಿಂದ, ಐರ್ಲೆಂಡಿನಲ್ಲಿ ಗುಜರಿಗೆ ಸೇರುವುದರಲ್ಲಿದ್ದ, ೧೯೪೪ರಲ್ಲಿ ಕಟ್ಟಿದ ಡಕೋಟಾವೊಂದನ್ನು ಕೊಂಡು, ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜೀರ್ಣೋದ್ಧಾರ ಮಾಡಿಸಿ ವಾಯುಸೇನೆಗೆ ಕಾಣಿಕೆಯಾಗಿ ಕೊಟ್ಟರು. ಪರಶುರಾಮನೆಂದು ಅದಕ್ಕೆ ನಾಮಕರಣವಾಯಿತು. ೧೯೪೭ರ ಅಕ್ಟೋಬರ್ ೨೭ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾಗಳ ಸ್ಮರಣೆಗಾಗಿ ಆ ವಿಮಾನಕ್ಕೆ ವಿಪಿ ೯೦೫ ಎಂಬ ಹಳೆಯ ಸಂಖ್ಯೆಯನ್ನೇ ಬರೆಸಿದರು. ಆ ವರ್ಷದ ಏಪ್ರಿಲಿನಲ್ಲಿ ಅದು ಇಂಗ್ಲೆಂಡಿನಿಂದ ಹೊರಟು, ಹಲವು ನಿಲ್ದಾಣಗಳಲ್ಲಿ ಇಳಿಯುತ್ತ ಏಳುತ್ತ ಜಾಮನಗರವನ್ನು ಮುಟ್ಟಿತು. ಅದರ ಮೂಗಿನ ಇಕ್ಕೆಲಗಳಲ್ಲಿ ತಿರುಗುತ್ತಿದ್ದುದು ಅದೇ ಟ್ವಿನ್ ವಾಸ್ಪ್ ಇಂಜಿನು. ಎಪ್ಪತ್ತು ವರ್ಷಗಳ ಹಿಂದೆ ಶಿಂಷಾ ಮತ್ತು ಶಿವನಸಮುದ್ರಗಳ ವಿದ್ಯುತ್ತಿನಿಂದ ಸಾಣೆ ತಿರುಗಿಸುತ್ತ ಬೆಂಗಳೂರಿನ ಕೆಲಸಗಾರರು ಬಿಚ್ಚಿ, ತೊಳೆದು, ಕೂಡಿಸುತ್ತಿದ್ದ ಇಂಜಿನು.